ಅಟ್ಟದ ಮೇಲಿನ ಯಂತ್ರ, ಕಳೆದುಹೋದ ಬಿಡಿಭಾಗ

ಮಲೆನಾಡಿನ ಹಳೆಯ ಮನೆಗಳ ಅಟ್ಟ ಹತ್ತಿದರೆ, ಅಡಕೆಯ ಗೋಣಿಚೀಲ, ಮುರಿದ ತೊಟ್ಟಿಲು, ತೂತುಬಿದ್ದ ಹಂಡೆಗಳ ನಡುವೆ ಕಪ್ಪು ಬಣ್ಣದ ಹೊಲಿಗೆ ಯಂತ್ರವೊಂದು ಕಣ್ಣಿಗೆ ಬೀಳುವುದು ಅಪರೂಪವಲ್ಲ. ಒಂದು ಕಾಲಕ್ಕೆ ಅದು ಜಗಲಿಯಲ್ಲಿ ಕುಳಿತು ಮನೆಮಂದಿಯ ಅಂಗಿ, ಲಂಗ, ದಿಂಬಿನ ಚೀಲಗಳನ್ನೆಲ್ಲ ಹೊಲಿದಿತ್ತು. ಈಗ ಅದರ ಹೊಂಬಣ್ಣದ ಚಿತ್ತಾರ ಮಾಸಿದೆ. ಮಳೆಗಾಲದ ತೇವಕ್ಕೆ ಚಕ್ರ ಬಿಗಿದುಕೊಂಡಿದೆ. ಗುಜರಿಯವನ ಗಾಡಿ ಊರಿಗೆ ಬಂದ ದಿನ ಅದನ್ನು ಅಟ್ಟದಿಂದ ಇಳಿಸುತ್ತಾರೆ. ಅವನು ಕಬ್ಬಿಣದ ತೂಕಕ್ಕೆ ಬೆಲೆ ಕಟ್ಟಿ ಒಯ್ಯುತ್ತಾನೆ. ಅದೇ ಊರಿನಲ್ಲಿ ಹೊಲಿಗೆ ಕಲಿತ ಹೆಣ್ಣುಮಗಳೊಬ್ಬಳು ಹೊಸ ಯಂತ್ರ ಕೊಳ್ಳಲು ಸಾಲ ಎಲ್ಲಿ ಹುಟ್ಟೀತೆಂದು ಅಲೆಯುತ್ತಿರುತ್ತಾಳೆ.

ಯಂತ್ರ ಗುಜರಿ ಸೇರುವುದು ಅದು ಸವೆದುಹೋಯಿತೆಂದಲ್ಲ. ಎರಕದ ಕಬ್ಬಿಣದ ಆ ಒಡಲು ಇನ್ನೂ ಒಂದೆರಡು ತಲೆಮಾರು ಬಾಳಬಲ್ಲದು. ಕಳೆದುಹೋಗಿರುವುದು ಒಂದು ಬಾಬಿನ್ ಕೇಸು, ದಾರ ಬಿಗಿಹಿಡಿಯುವ ಒಂದು ಸಣ್ಣ ಸ್ಪ್ರಿಂಗು ಅಥವಾ ಒಂದು ಚರ್ಮದ ಬೆಲ್ಟು. ಇವುಗಳ ಜೊತೆಗೆ ಇನ್ನೊಂದು ವಸ್ತುವೂ ಕಳೆದಿರುತ್ತದೆ: ಯಂತ್ರದೊಂದಿಗೆ ಬಂದಿದ್ದ ಕೈಪಿಡಿ. ಸೂಜಿಯ ಚಪ್ಪಟೆ ಬದಿ ಯಾವ ಕಡೆಗಿರಬೇಕು, ದಾರ ಯಾವ ದಿಕ್ಕಿನಿಂದ ಸೂಜಿಯ ಕಣ್ಣಿಗೆ ಹೋಗಬೇಕು, ಎಣ್ಣೆ ಎಲ್ಲೆಲ್ಲಿ ಬಿಡಬೇಕು ಎಂಬುದು ಅದರಲ್ಲಿತ್ತು. ಚಪ್ಪಟೆ ಬದಿ ತಪ್ಪು ದಿಕ್ಕಿಗೆ ತಿರುಗಿದರೆ ಹೊಲಿಗೆ ಬೀಳುವುದಿಲ್ಲ. ಯಂತ್ರ ಕೆಟ್ಟಿದೆಯೆಂದು ಜನ ತೀರ್ಮಾನಿಸುತ್ತಾರೆ. ಎಷ್ಟೋ ಯಂತ್ರಗಳು ಒಂದು ಸಾಲಿನ ತಿಳಿವಳಿಕೆಯಿಲ್ಲದೆ ತಕ್ಕಡಿ ಏರಿವೆ.

ಇಂಥ ಯಂತ್ರವನ್ನು ಹಳೆಯದಾಗಿ ಕೊಂಡವರಿಗಾಗಲೀ ಅಟ್ಟದಿಂದ ಇಳಿಸಿಕೊಂಡವರಿಗಾಗಲೀ ಮೊದಲ ಕೆಲಸ ಅದನ್ನು ಗುರುತಿಸುವುದು. ಸಿಂಗರ್ ಯಂತ್ರಗಳ ತಳದ ಬಲಬದಿಯಲ್ಲಿ ಕ್ರಮಸಂಖ್ಯೆ ಕೊರೆದಿರುತ್ತದೆ. ಇಪ್ಪತ್ತನೆಯ ಶತಮಾನದ ಯಂತ್ರಗಳಲ್ಲಿ ಸಂಖ್ಯೆಯ ಹಿಂದೆ ಒಂದೆರಡು ಇಂಗ್ಲಿಷ್ ಅಕ್ಷರಗಳಿದ್ದು, ಅವುಗಳಿಂದ ಯಂತ್ರ ಎಲ್ಲಿ, ಯಾವ ಕಾಲದಲ್ಲಿ ತಯಾರಾಯಿತೆಂದು ಪತ್ತೆಹಚ್ಚಬಹುದು. ನಮೂನೆಯ ಸಂಖ್ಯೆಯ ಜೊತೆ ‘ಕೆ’ ಅಕ್ಷರವಿದ್ದರೆ ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಪಟ್ಟಣದ ಕಿಲ್ಬೋವಿ ಕಾರ್ಖಾನೆಯದು. ಆ ಕಾರ್ಖಾನೆ 1980ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ತಯಾರಾದ ಯಂತ್ರಗಳು ಇಂದಿಗೂ ಹೊಲಿಯುತ್ತಿವೆ.

ಎರಡನೆಯದು ಬಾಬಿನ್ ನೋಡುವುದು. 15ನೇ ನಮೂನೆಯ ಬಾಬಿನ್ನಿನ ಎರಡೂ ಮುಖ ಚಪ್ಪಟೆ; 66ನೇ ನಮೂನೆಯದು ತುಸು ಉಬ್ಬು. ಹೊರನೋಟಕ್ಕೆ ಎರಡೂ ಒಂದೇ ಎನಿಸಿದರೂ ಒಂದರ ಸ್ಥಾನಕ್ಕೆ ಇನ್ನೊಂದು ಬರುವುದಿಲ್ಲ. ಇನ್ನೂ ಹಳೆಯ ಕೆಲವು ಯಂತ್ರಗಳಲ್ಲಿ ದೋಣಿಯಾಕಾರದ ಶಟಲ್ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಅದರ ಬಾಬಿನ್ ಉದ್ದನೆಯ ಕಡ್ಡಿಯಂತಿರುತ್ತದೆ. ಸಿಂಗರ್ 12ನೇ ನಮೂನೆಗೆ ಇಂದಿನ ಸಾಮಾನ್ಯ ಸೂಜಿ ಹೊಂದುವುದಿಲ್ಲ. ಆದ್ದರಿಂದ ಹಳೆಯ ಯಂತ್ರ ಕೊಳ್ಳುವವರು ಹಣ ಕೊಡುವ ಮುನ್ನ ಸೂಜಿ, ಶಟಲ್, ಬಾಬಿನ್ ಮೂರನ್ನೂ ನೋಡಬೇಕು. ಪೇಟೆಯ ಅಂಗಡಿಗೆ ಹೋಗುವಾಗ ಬಾಯಿಮಾತಿನ ವಿವರಣೆಗಿಂತ ಹಳೆಯ ಬಿಡಿಭಾಗವನ್ನೇ ಒಯ್ಯುವುದು ಲೇಸು.

ಬಿಗಿದುಕೊಂಡ ಚಕ್ರಕ್ಕೆ ಹೆದರಬೇಕಾಗಿಲ್ಲ. ಶಟಲ್ ಸುತ್ತ ಸಿಕ್ಕಿಕೊಂಡ ದಾರ, ಧೂಳು ತೆಗೆದು, ಕೀಲುಗಳಿಗೆ ಹನಿಹನಿಯಾಗಿ ಸೀಮೆಎಣ್ಣೆ ಬಿಟ್ಟು, ಒಂದೆರಡು ದಿನ ಹಾಗೆಯೇ ಇರಿಸಿ, ಚಕ್ರವನ್ನು ಕೈಯಿಂದ ಮೆಲ್ಲಗೆ ಆಡಿಸಿದರೆ ಬಹಳಷ್ಟು ಯಂತ್ರಗಳು ಸಡಿಲಗೊಳ್ಳುತ್ತವೆ. ಆಮೇಲೆ ಸೀಮೆಎಣ್ಣೆಯನ್ನು ಒರೆಸಿ ಹೊಲಿಗೆ ಯಂತ್ರದ ಎಣ್ಣೆಯನ್ನೇ ಬಿಡಬೇಕು. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಹಾಕುವ ರೂಢಿಯುಂಟು. ಚಳಿಗೆ ಗಟ್ಟಿಯಾಗಿ, ಕಾಲಕ್ರಮದಲ್ಲಿ ಅಂಟಾಗುವ ಆ ಎಣ್ಣೆಯೇ ಹಲವು ಯಂತ್ರಗಳನ್ನು ಅಟ್ಟಕ್ಕೆ ಕಳುಹಿಸಿದೆ.

ಇಷ್ಟಾದರೂ ಮುಖ್ಯ ಪ್ರಶ್ನೆ ಉಳಿಯುತ್ತದೆ. ಎಪ್ಪತ್ತು, ಎಂಬತ್ತು ವರ್ಷ ಹಳೆಯ ಯಂತ್ರಕ್ಕೆ ಇಂದು ಬಿಡಿಭಾಗ ಸಿಗುವುದಾದರೂ ಹೇಗೆ? ಹತ್ತು ವರ್ಷದ ಹಿಂದಿನ ಮೊಬೈಲಿಗೆ ಬ್ಯಾಟರಿ ಸಿಗುವುದೇ ಕಷ್ಟವಾಗಿರುವಾಗ, ಇದು ಯೋಚಿಸಬೇಕಾದ ಸಂಗತಿ.

ಉತ್ತರ ಇತಿಹಾಸದಲ್ಲಿದೆ. ಅಮೆರಿಕದಲ್ಲಿ 1846ರಲ್ಲಿ ಎಲಿಯಾಸ್ ಹೋವ್, 1851ರಲ್ಲಿ ಐಸಾಕ್ ಸಿಂಗರ್ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದರು. 1856ರಲ್ಲಿ ಪ್ರಮುಖ ಪೇಟೆಂಟ್‌ಗಳನ್ನು ಹೊಂದಿದವರು ಒಂದು ಕೂಟ ಕಟ್ಟಿ, ಇತರರು ತಯಾರಿಸುವ ಯಂತ್ರಗಳ ಮೇಲೆ ಶುಲ್ಕ ವಸೂಲಿ ಮಾಡತೊಡಗಿದರು. 1877ರಲ್ಲಿ ಆ ಪೇಟೆಂಟ್‌ಗಳ ಅವಧಿ ತೀರಿ ಕೂಟ ಮುರಿಯಿತು. ಯಂತ್ರದ ಮೂಲ ವಿದ್ಯೆ ಅಂದಿನಿಂದ ಎಲ್ಲರದಾಯಿತು. ಸಿಂಗರ್‌ನ 15ನೇ ನಮೂನೆಯನ್ನು ಮುಂದೆ ದೇಶದೇಶಗಳು ಅನುಸರಿಸಿದವು. ಎರಡನೇ ಮಹಾಯುದ್ಧದ ನಂತರ ಜಪಾನಿನ ಕಾರ್ಖಾನೆಗಳು ಅದನ್ನೇ ಮಾದರಿಯಾಗಿ ಒಪ್ಪಿಕೊಂಡವು. ಭಾರತದಲ್ಲಿ 1930ರ ದಶಕದಲ್ಲಿ ಕೋಲ್ಕತ್ತದ ಜಯ್ ಎಂಜಿನಿಯರಿಂಗ್ ವರ್ಕ್ಸ್ ‘ಉಷಾ’ ಹೊಲಿಗೆ ಯಂತ್ರದ ತಯಾರಿಕೆಗೆ ಕೈಹಾಕಿತು; ಪಂಜಾಬಿನ ಲೂಧಿಯಾನ ಯಂತ್ರಗಳಿಗೂ ಬಿಡಿಭಾಗಗಳಿಗೂ ದೊಡ್ಡ ಕೇಂದ್ರವಾಗಿ ಬೆಳೆಯಿತು. ಹೆಸರು ಬೇರೆ, ಅಚ್ಚು ಹೆಚ್ಚುಕಡಿಮೆ ಒಂದೇ. ಆದ್ದರಿಂದಲೇ ಸ್ಕಾಟ್ಲೆಂಡಿನಲ್ಲಿ ತಯಾರಾದ 15ನೇ ನಮೂನೆಯ ಯಂತ್ರಕ್ಕೆ ಲೂಧಿಯಾನದ ಬಾಬಿನ್ ಕೇಸು ಕೂರುತ್ತದೆ. ಊರ ಕೆರೆ, ಗೋಮಾಳಗಳಂತೆ ಒಂದು ವಿನ್ಯಾಸವೂ ಸಮುದಾಯದ ಸ್ವತ್ತಾದರೆ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಯಂತ್ರಗಳ ಮೋಹವನ್ನು ಕಟುವಾಗಿ ಟೀಕಿಸುತ್ತಿದ್ದ ಗಾಂಧೀಜಿ, 1924ರಲ್ಲಿ ಜಿ. ರಾಮಚಂದ್ರನ್ ಅವರೊಂದಿಗೆ ನಡೆಸಿದ ಮಾತುಕತೆಯಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಮನುಷ್ಯನ ಅಂಗಾಂಗಗಳನ್ನು ನಿಷ್ಕ್ರಿಯಗೊಳಿಸದೆ ಶ್ರಮವನ್ನಷ್ಟೇ ಹಗುರಗೊಳಿಸುವ ಸಾಧನವೆಂದು ಅದನ್ನು ಅವರು ಕಂಡರು. ಹಾಗಾದರೆ ಆ ಯಂತ್ರ ತಯಾರಿಸಲು ದೊಡ್ಡ ಕಾರ್ಖಾನೆ ಬೇಡವೇ ಎಂಬ ಪ್ರಶ್ನೆಗೆ, ಬೇಕು, ಆದರೆ ಅಂಥ ಕಾರ್ಖಾನೆ ರಾಷ್ಟ್ರದ ಸ್ವಾಮ್ಯದಲ್ಲಿರಬೇಕು ಎಂಬುದು ಅವರ ನಿಲುವಾಗಿತ್ತು. ಯಂತ್ರ ಬೇಕೋ ಬೇಡವೋ ಎಂಬುದಕ್ಕಿಂತ ಅದು ಯಾರ ಹಿಡಿತದಲ್ಲಿದೆ ಎಂಬುದು ಮುಖ್ಯ. ಇಂದು ಅದೇ ಪ್ರಶ್ನೆಯನ್ನು ಬಿಡಿಭಾಗ ಮತ್ತು ಕೈಪಿಡಿಗಳ ಬಗೆಗೂ ಕೇಳಬೇಕಾಗಿದೆ.

ಈಗ ಮನೆಗೆ ಬರುವ ಬಹುಪಾಲು ಉಪಕರಣಗಳು ಬಿಚ್ಚಲಾಗದಂತೆ ಅಂಟಿಸಿದವು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತು ಹೊರಹಾಕಿದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಗುರುತಿಸಿ, ಅದೇ ಡಿಸೆಂಬರಿನಲ್ಲಿ ಕಂಪನಿಗಳು ಮಾಹಿತಿ ನೀಡಲು ಒಂದು ಜಾಲತಾಣವನ್ನೂ ತೆರೆಯಿತು. ಇದು ಸ್ವಾಗತಾರ್ಹ. ಆದರೆ ಕಂಪನಿ ಮನಸ್ಸು ಬಂದಾಗ ಕೊಡುವ ಮಾಹಿತಿಗೂ, ಕೊಳ್ಳುವವನು ಕೇಳಿ ಪಡೆಯಬಲ್ಲ ಹಕ್ಕಿಗೂ ಬಹಳ ಅಂತರವಿದೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆ 18 ಕಸುಬುಗಳನ್ನು ಪಟ್ಟಿಮಾಡಿ, ಉಪಕರಣ ಕೊಳ್ಳಲು 15,000 ರೂಪಾಯಿಯವರೆಗೆ ನೆರವು ನಿಗದಿಪಡಿಸಿತು. ಆ ಪಟ್ಟಿಯಲ್ಲಿ ದರ್ಜಿ ಇದ್ದಾನೆ. ದರ್ಜಿಯ ಯಂತ್ರವನ್ನು ರಿಪೇರಿ ಮಾಡುವವನಿಗೆ ಪ್ರತ್ಯೇಕ ಸ್ಥಾನವಿಲ್ಲ. ಸಂತೆಯ ದಿನ ಕೈಚೀಲದಲ್ಲಿ ತಿರುಪುಳಿ, ಎಣ್ಣೆಬುಡ್ಡಿ ಹಿಡಿದು ಬರುವ ಆ ಮನುಷ್ಯನ ವಿದ್ಯೆ ಅವನೊಂದಿಗೇ ಮುಗಿದರೆ, ವಿತರಣೆಯಾದ ಹೊಸ ಯಂತ್ರಗಳೂ ನಾಳೆ ಅಟ್ಟವನ್ನೇ ಸೇರುತ್ತವೆ.

ಗುಜರಿಗೆ ಹೋದ ಕಬ್ಬಿಣ ಕರಗಿ ಮತ್ತೆ ಬಳಕೆಗೆ ಬರುತ್ತದಲ್ಲ, ನಷ್ಟವೇನು ಎಂದು ಕೇಳುವವರಿದ್ದಾರೆ. ಕರಗಿಸಲು ಕಲ್ಲಿದ್ದಲೋ ವಿದ್ಯುತ್ತೋ ಬೇಕು. ವಿದ್ಯುತ್ತಿನ ನಿಜವಾದ ಬೆಲೆ ಏನೆಂಬುದು ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮನೆಮಠ ಕಳೆದುಕೊಂಡ ಶರಾವತಿ ಕಣಿವೆಯ ಜನಕ್ಕೆ ತಿಳಿದಿದೆ. ಅದಿರಿನ ಬೆಲೆ ಏನೆಂಬುದು ಕುದುರೆಮುಖದ ಸುತ್ತಿನ ಊರುಗಳಿಗೆ ತಿಳಿದಿದೆ. ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಅಲ್ಲಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಗುಡ್ಡ ಉಳಿಯಲಿ ಎನ್ನುವವರು ಗುಡ್ಡದಿಂದ ಈಗಾಗಲೇ ಅಗೆದು ತಂದದ್ದನ್ನು ಜೋಪಾನ ಮಾಡುವುದೂ ಆ ಹೋರಾಟದ ಭಾಗವೇ. ಮೇಲಾಗಿ ಕಾಲಲ್ಲಿ ತುಳಿಯುವ ಈ ಯಂತ್ರಕ್ಕೆ ವಿದ್ಯುತ್ತು ಬೇಕಾಗಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದು ದಿನಗಟ್ಟಲೆ ಕತ್ತಲಾಗುವ ಊರುಗಳಲ್ಲಿ ಅದು ಸಣ್ಣ ಮಾತಲ್ಲ.

ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಶಾಲಾ ಕಾಲೇಜಿನ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರಿನ ಮನೆಮನೆಗೆ ಹೋಗಿ, ಎಷ್ಟು ಯಂತ್ರಗಳಿವೆ, ಯಾವ ನಮೂನೆಯವು, ಯಾವುದಕ್ಕೆ ಏನು ಕಡಿಮೆ ಎಂದು ಬರೆದಿಡಬಹುದು. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇರುತ್ತದೆ. ಪೂರ್ತಿ ಕೆಟ್ಟ ಯಂತ್ರವೊಂದನ್ನು ಮಾರದೆ ಉಳಿಸಿಕೊಂಡರೆ ಅದೇ ಊರಿಗೊಂದು ಬಿಡಿಭಾಗಗಳ ಭಂಡಾರವಾಗುತ್ತದೆ. ಅಮೆರಿಕದ ಸ್ಮಿತ್‌ಸೋನಿಯನ್ ಗ್ರಂಥಾಲಯ ಹಳೆಯ ಹೊಲಿಗೆ ಯಂತ್ರಗಳ ಹಲವು ಪುಸ್ತಿಕೆಗಳನ್ನು ಗಣಕಕ್ಕೇರಿಸಿ ಉಚಿತವಾಗಿ ಒದಗಿಸಿದೆ. ಹೊಂದುವ ಕೈಪಿಡಿ ಸಿಕ್ಕರೆ, ಅದರ ಸಾರವನ್ನು ಚಿತ್ರಸಹಿತ ಕನ್ನಡದಲ್ಲಿ ಬರೆದು ಪಂಚಾಯಿತಿಯ ಗ್ರಂಥಾಲಯದಲ್ಲಿ ಇರಿಸುವುದು ನಾಲ್ಕು ಮಂದಿ ವಿದ್ಯಾರ್ಥಿಗಳ ಒಂದು ವಾರದ ಕೆಲಸ. ಸ್ತ್ರೀಶಕ್ತಿ ಸಂಘಗಳು ಹೊಲಿಗೆ ತರಬೇತಿ ಏರ್ಪಡಿಸುವಾಗ ಯಂತ್ರ ಬಿಚ್ಚಿ ಜೋಡಿಸುವ ಪಾಠಕ್ಕೂ ಎರಡು ದಿನ ಮೀಸಲಿಟ್ಟು, ಊರಿನ ಹಿರಿಯ ರಿಪೇರಿಯವರನ್ನೇ ಗೌರವಧನ ಕೊಟ್ಟು ಕರೆಸಬಹುದು.

ಗುಜರಿಯವನ ಗಾಡಿ ನಾಳೆಯೂ ಬರುತ್ತದೆ. ತಕ್ಕಡಿ ಎತ್ತುವ ಮುನ್ನ ಯಂತ್ರದ ಚಕ್ರವನ್ನೊಮ್ಮೆ ತಿರುಗಿಸಿ, ಇಲ್ಲದ್ದು ಯಾವುದೆಂದು ನೋಡುವುದು ಅಗತ್ಯ. ಸಣ್ಣದೊಂದು ಬಾಬಿನ್ ಕೇಸಿನ ಕೊರತೆಯಿಂದ ಇಡೀ ಯಂತ್ರವನ್ನು ಕಳೆದುಕೊಳ್ಳುವುದು ಬಡತನವಲ್ಲ, ಮರೆವು. ಮರೆತದ್ದನ್ನು ಮತ್ತೆ ಕಲಿಯಲು ಅವಕಾಶವಿದೆ.