ಸುಮ್ಮನಿದ್ದವನು ಪಣ ಏರಿಸಿದಾಗ



ಪಾಳಿ ಮುಗಿದ ಮೇಲೆ ಮೊಬೈಲಿನಲ್ಲಿ ಸಣ್ಣ ಪಣದ ಪೋಕರ್ ಆಡುವ ಗೆಳೆಯರು ನಮ್ಮಲ್ಲಿದ್ದಾರೆ. ಅವರು ನಮ್ಮನ್ನು ಕೇಳುವುದುಂಟು: ಎದುರಾಳಿ ಮೊದಲು 'ಚೆಕ್' ಎಂದು ಸುಮ್ಮನಿದ್ದು, ನಾವು ಪಣ ಹೂಡಿದೊಡನೆ ಅದನ್ನು ಮೂರು ಪಟ್ಟು ಏರಿಸಿದರೆ ಏನು ಮಾಡಬೇಕು?

ಲೆಕ್ಕ ನೋಡೋಣ. ಕೊನೆಯ ಎಲೆ ಬಿದ್ದಿದೆ. ನಡುವೆ 100 ರೂ. ಇದೆ. ನಮ್ಮವನು 50 ಹೂಡಿದ, ಎದುರಾಳಿ 150 ಎಂದ. ಇನ್ನು 100 ಹಾಕಿ ಗೆದ್ದರೆ 300 ಸಿಗುತ್ತದೆ. ನಾಲ್ಕರಲ್ಲಿ ಒಂದು ಸಲ ಗೆದ್ದರೂ ಅಸಲು ಹುಟ್ಟೀತೆಂದು ನಮ್ಮವನು ಹಣ ಹಾಕುತ್ತಾನೆ. ಆದರೆ ಸಣ್ಣ ಪಣದ ಆಟದಲ್ಲಿ ಬರಿಗೈಯಲ್ಲಿ ಹೀಗೆ ಬೆದರಿಸುವವರು ವಿರಳ. ಏರಿಸಿದವನ ಕೈಯಲ್ಲಿ ಬಹುಮಟ್ಟಿಗೆ ಗಟ್ಟಿ ಎಲೆಯೇ ಇರುತ್ತದೆ. ಗೆದ್ದ ಗಂಟಿನಲ್ಲೂ ಆಟ ನಡೆಸುವವನು ತನ್ನ ಪಾಲು ಮುರಿದುಕೊಳ್ಳುತ್ತಾನೆ. ಒಂದು ಜೋಡಿ ಹಿಡಿದು ಹಟಕ್ಕೆ ಬೀಳದೆ ಎಲೆ ಕೆಳಗಿಡಬೇಕು.

2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ದೇಶದ ದೊಡ್ಡ ಕಂಪೆನಿಗಳು ಅವನ್ನು ನಿಲ್ಲಿಸಿದವು. ಉಳಿದದ್ದು ಪರದೇಶದಿಂದ ಕದ್ದು ಆಡಿಸುವ ಆ್ಯಪ್‌ಗಳು. ಆ ಕಾನೂನಿನಲ್ಲಿ ಶಿಕ್ಷೆ ಆಡಿಸುವವನಿಗೆ, ಆಡುವವನಿಗಿಲ್ಲ, ನಿಜ. ಆದರೆ ಅಲ್ಲಿ ಪಣ ಏರಿಸಿದವನು ಮನುಷ್ಯನೋ ಯಂತ್ರವೋ ತಿಳಿಯದು. ಗೆದ್ದ ಹಣ ಕೊಡದಿದ್ದರೆ ಹೋಗಿ ಕೇಳಲು ಕಚೇರಿಯಿಲ್ಲ. ಪಗಾರ ತಡೆದ ಮಾಲಿಕನೆದುರು ನಾವು ಸಂಘ ಕಟ್ಟಿ ನಿಲ್ಲಬಲ್ಲೆವು. ಕಾಣದ ಮಾಲಿಕನೆದುರು ನಿಲ್ಲುವುದೆಲ್ಲಿ?

ಎಲೆ ಕೆಳಗಿಡುವ ಜಾಣತನವಿದ್ದವರು ಆಟವನ್ನೂ ಕೆಳಗಿಡಲಿ. ಊರಿಗೆ ಹೋಗಬೇಕಾದ ಹಣ ಊರಿಗೇ ಹೋಗಲಿ.