ಒಂದು ಫೋಟೋಗೆ ಮೂರು ಸಾವಿರನಾ ಗುರು?

ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬಂತು ಅಂದ್ರೆ ಫೈನಲ್ ಇಯರ್‌ನವರ ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ಪ್ರಶ್ನೆ ತಪ್ಪದೆ ಬರುತ್ತವೆ. ಮೊದಲನೇದು, "ಬ್ಲೇಜರ್ ಯಾರ ಹತ್ರ ಇದೆ?" ಎರಡನೇದು, "ಲಿಂಕ್ಡ್‌ಇನ್‌ಗೆ ಒಳ್ಳೆ ಫೋಟೋ ಎಲ್ಲಿ ತೆಗೆಸೋದು?" ಯಾರೋ ಒಬ್ಬರು ಪ್ರೊಫೆಷನಲ್ ಫೋಟೋಗ್ರಾಫರ್ ನಂಬರ್ ಹಾಕ್ತಾರೆ. ರೇಟು ಕೇಳಿದ ತಕ್ಷಣ ಎಲ್ಲರದ್ದೂ ಒಂದೇ ಉದ್ಗಾರ: "ಒಂದು ಫೋಟೋಗೆ ಮೂರು ಸಾವಿರನಾ ಗುರು?"

ನನ್ನ ಅಭಿಪ್ರಾಯ ಇಷ್ಟು. ಆ ಮೂರು ಸಾವಿರ ದುಬಾರಿ ಏನಲ್ಲ. ಆದ್ರೆ ನಮ್ಮಲ್ಲಿ ಬಹಳ ಜನಕ್ಕೆ ಈಗ ಅದು ಬೇಕಾಗಿಯೂ ಇಲ್ಲ. ಎರಡನ್ನೂ ಒಂದೊಂದಾಗಿ ನೋಡೋಣ.

ಮೊದಲು ಬೆಲೆ. ನಾವು ಇಂಜಿನಿಯರಿಂಗ್ ಓದೋರು, ಲೆಕ್ಕ ಹಾಕೋಣ. ಒಂದು ಗಂಟೆ ಶೂಟ್. ಹೋಗಿ ಬಂದು, ಲೈಟು ಜೋಡಿಸಿ ಬಿಚ್ಚೋಕೆ ಎರಡು ಗಂಟೆ. ತೆಗೆದ ನೂರಾರು ಫ್ರೇಮುಗಳಲ್ಲಿ ಆರಿಸಿ, ಬಣ್ಣ ಸರಿ ಮಾಡಿ, ರಿಟಚ್ ಮಾಡೋಕೆ ಮೂರು ಗಂಟೆ. ಒಟ್ಟು ಆರು ಗಂಟೆ ಅಂತ ಇಟ್ಕೊಳ್ಳಿ. ಕ್ಯಾಮೆರಾ, ಎರಡು ಲೆನ್ಸು, ಲೈಟು, ಲ್ಯಾಪ್‌ಟಾಪ್ ಸೇರಿ ನಾಲ್ಕು ಲಕ್ಷ, ಬಾಳಿಕೆ ಐದು ವರ್ಷ ಅಂದ್ರೆ ವರ್ಷಕ್ಕೆ 80,000 ಡಿಪ್ರಿಸಿಯೇಷನ್. ತಿಂಗಳಿಗೆ ಹತ್ತು ಕೆಲಸ ಸಿಕ್ಕರೆ ಒಂದೊಂದು ಕೆಲಸದ ಮೇಲೆ ಸುಮಾರು 667 ರೂಪಾಯಿ ಬೀಳುತ್ತೆ. ಬಾಡಿಗೆ, ಕರೆಂಟು, ಸಾಫ್ಟ್‌ವೇರ್ ಚಂದಾ ಅಂತ ಇನ್ನೊಂದು 500. ಉಳಿದಿದ್ದು 1,833. ಆರು ಗಂಟೆಗೆ ಭಾಗಿಸಿದರೆ ಗಂಟೆಗೆ 300 ಚಿಲ್ಲರೆ, ತಿಂಗಳಿಗೆ ಹದಿನೆಂಟು ಸಾವಿರ. ಇಷ್ಟರಲ್ಲಿ ಹನುಮಂತನಗರದಲ್ಲಿ ಮನೆ ಬಾಡಿಗೆ ಕೊಟ್ಟು ಸಂಸಾರ ನಡೆಸಬೇಕು. ಸಂಖ್ಯೆಗಳು ನಾನು ಉದಾಹರಣೆಗೆ ಇಟ್ಟುಕೊಂಡಿದ್ದು, ನೀವು ಬದಲಾಯಿಸಿ ನೋಡಿ. ಉತ್ತರ ಅಂಥಾ ವ್ಯತ್ಯಾಸ ಆಗಲ್ಲ.

ಫೋಟೋಗ್ರಫಿ ಕ್ಲಬ್ಬಿನ ಗೆಳೆಯನಿಗೂ ಇದೇ ಲೆಕ್ಕ ಅನ್ವಯ. "ನಿನ್ನ ಹತ್ರ ಕ್ಯಾಮೆರಾ ಇದೆಯಲ್ಲ ಮಗಾ, ಎರಡು ಕ್ಲಿಕ್ ಅಷ್ಟೇ" ಅಂತೀವಿ. ಕ್ಯಾಮೆರಾದ ಶಟರ್‌ಗೂ ಆಯಸ್ಸಿದೆ. ನಿಕಾನ್ ತನ್ನ ಡಿ850 ಶಟರನ್ನು ಪರೀಕ್ಷೆ ಮಾಡಿರೋದು 2 ಲಕ್ಷ ಕ್ಲಿಕ್‌ಗಳಿಗೆ. ನಿಮ್ಮ "ಎರಡು ಕ್ಲಿಕ್" ಇನ್ನೂರು ಆಗುತ್ತೆ, ಆಮೇಲೆ ರಾತ್ರಿ ಕೂತು ಎಡಿಟ್ ಮಾಡೋನೂ ಅವನೇ. ದುಡ್ಡು ಇಲ್ಲದಿದ್ರೆ ವಿದ್ಯಾರ್ಥಿ ಭವನದಲ್ಲಿ ಒಂದು ಮಸಾಲೆ ದೋಸೆನಾದ್ರೂ ಕೊಡಿಸಿ.

ಇನ್ನು ಬೇಕಾ ಬೇಡವಾ ಅನ್ನೋದು. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಮುಖ ಕಾಣೋದು ಒಂದು ಸಣ್ಣ ವೃತ್ತದಲ್ಲಿ. ಅದಕ್ಕೆ ಮೊಬೈಲ್ ಸಾಕು. ಸೆಲ್ಫಿಯಲ್ಲಿ ಮೂಗು ದಪ್ಪ ಕಾಣೋದಕ್ಕೆ ಕಾರಣ ದೂರ. ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂ.ಮೀ. ಅಂತರ ಅಂದುಕೊಳ್ಳಿ. ಕ್ಯಾಮೆರಾ 30 ಸೆಂ.ಮೀ. ದೂರದಲ್ಲಿದ್ದರೆ ಕಿವಿಗೆ ಹೋಲಿಸಿದಾಗ ಮೂಗು 1.4 ಪಟ್ಟು ಹಿಗ್ಗುತ್ತೆ. ಎರಡು ಮೀಟರ್ ದೂರದಿಂದ ಅದು ಬರೀ 1.06. ಹಾಗಾಗಿ ರೂಮ್‌ಮೇಟ್ ಕೈಗೆ ಫೋನ್ ಕೊಟ್ಟು, ಎರಡು ಮೀಟರ್ ಹಿಂದೆ ನಿಲ್ಲಿಸಿ, 2ಎಕ್ಸ್ ಜೂಮ್ ಹಾಕಿಸಿ. ಕಿಟಕಿ ಪಕ್ಕ ನಿಂತುಕೊಳ್ಳಿ, ಟ್ಯೂಬ್‌ಲೈಟ್ ಆರಿಸಿ. ಇಲ್ಲಾ ಬೆಳಿಗ್ಗೆ ಏಳಕ್ಕೆ ರಾಮಾಂಜನೇಯ ಗುಡ್ಡದ ಕಡೆ ಹೋಗಿ, ಮರದ ನೆರಳಲ್ಲಿ ತೆಗೆಸಿಕೊಳ್ಳಿ. ಖರ್ಚು ಸೊನ್ನೆ. ಎಐ ಆ್ಯಪ್‌ಗಳು ಮಾಡಿಕೊಡೋ ಕೋಟು-ಟೈ ಫೋಟೋ ಮಾತ್ರ ಬೇಡ. ಇಂಟರ್‌ವ್ಯೂಗೆ ಹೋಗೋದು ನೀವು, ಆ ಆ್ಯಪ್ ಕಲ್ಪಿಸಿಕೊಂಡ ನಿಮ್ಮ ಅಣ್ಣ ಅಲ್ಲ.

ಹಾಗಾದ್ರೆ ಫೋಟೋಗ್ರಾಫರ್ ಯಾಕೆ ಬೇಕು? ಲೈಟು, ಲೆನ್ಸು ದುಡ್ಡಿಗೆ ಸಿಗುತ್ತೆ. ಎದುರಿಗೆ ಕೂತವರ ಗಾಬರಿ ಇಳಿಸಿ, ಅವರು ಅವರಾಗೇ ಇರೋ ಆ ಅರೆಗಳಿಗೆಗೆ ಕಾಯೋದು ಕಸುಬು. ನಮ್ಮ ಪಕ್ಕದ ಗವಿಪುರದಲ್ಲಿದ್ದ ಮಾಸ್ತಿ ತೀರಿಕೊಂಡಿದ್ದು 1986ರಲ್ಲಿ. ನಾವ್ಯಾರೂ ಅವರನ್ನು ನೋಡಿಲ್ಲ. ಆದರೂ ಮಾಸ್ತಿ ಅಂದ ಕೂಡಲೇ ಒಂದು ಮುಖ ಕಣ್ಣ ಮುಂದೆ ಬರುತ್ತೆ. ಯಾರೋ ಒಬ್ಬರು ಕ್ಯಾಮೆರಾ ಹಿಡಿದು ಅವರ ಮುಂದೆ ಕೂತಿದ್ದರಿಂದ ಅದು ನಮಗೆ ಸಿಕ್ಕಿದೆ. ಮೈಸೂರಿನ ಟಿ.ಎಸ್. ಸತ್ಯನ್, ಕನ್ನಡದ ಲೇಖಕರ ಮುಖಗಳನ್ನು ವರ್ಷಗಟ್ಟಲೆ ಸೆರೆಹಿಡಿದ ಎ.ಎನ್. ಮುಕುಂದ, ಇಂಥವರ ಕೆಲಸ ನೋಡಿದರೆ ಪಾಸ್‌ಪೋರ್ಟ್ ಫೋಟೋಗೂ ಪೋರ್ಟ್ರೇಟ್‌ಗೂ ಏನು ವ್ಯತ್ಯಾಸ ಅಂತ ಗೊತ್ತಾಗುತ್ತೆ.

ದೊಡ್ಡವರ ಮಾತು ಬಿಡಿ, ನಮ್ಮ ಮನೆಗಳಿಗೆ ಬನ್ನಿ. ಗೋಡೆ ಮೇಲೆ ಹಾರ ಹಾಕಿರೋ ಅಜ್ಜ, ಅಜ್ಜಿಯ ಫೋಟೋ ಸರಿಯಾಗಿ ನೋಡಿದ್ದೀರಾ? ಎಷ್ಟೋ ಮನೆಗಳಲ್ಲಿ ಅದು ಯಾರದೋ ಮದುವೆಯ ಗ್ರೂಪ್ ಫೋಟೋದಿಂದ ಕತ್ತರಿಸಿದ್ದು. ಮೂಲೆಯಲ್ಲಿ ಪಕ್ಕದವರ ಭುಜ ಇನ್ನೂ ಉಳಿದಿರುತ್ತೆ. ಇಲ್ಲಾಂದ್ರೆ ವೋಟರ್ ಐಡಿಯ ಫೋಟೋ ದೊಡ್ಡದು ಮಾಡಿಸಿದ್ದು. ಇಲ್ಲದ ಪಿಕ್ಸೆಲ್‌ಗಳನ್ನು ಸಾಫ್ಟ್‌ವೇರ್ ಊಹಿಸಿ ತುಂಬಿರುತ್ತೆ. ತೀರಿಕೊಂಡ ದಿನ, ಆ ಗಡಿಬಿಡಿಯಲ್ಲಿ ಫೋಟೋ ಹುಡುಕೋದು ಅಂದ್ರೆ ಏನು ಅಂತ ಅನುಭವಿಸಿದವರಿಗೆ ಗೊತ್ತು. ಬದುಕಿದ್ದಾಗ ಕೇಳಿದ್ರೆ "ನಂಗ್ಯಾಕಪ್ಪಾ ಈ ವಯಸ್ಸಲ್ಲಿ ಫೋಟೋ" ಅಂತಾರೆ, ನಾವೂ ಸುಮ್ಮನಾಗ್ತೀವಿ. ನಮ್ಮ ಫೋನಿನಲ್ಲಿ ನಮ್ಮದೇ ಸಾವಿರಾರು ಫೋಟೋ ಇರುತ್ತವೆ, ಅವರದು ಹುಡುಕಿದರೆ ನಾಲ್ಕು, ಅದರಲ್ಲಿ ಮೂರು ಅಲುಗಾಡಿರುತ್ತೆ. ಮೂರು ಸಾವಿರಕ್ಕೆ ನಿಜವಾದ ಬೆಲೆ ಸಿಗೋದು ಇಲ್ಲಿ.

ಹಾಗಾಗಿ ಎರಡು ಸಲಹೆ. ಒಂದು, ಪ್ಲೇಸ್‌ಮೆಂಟ್ ಫೋಟೋಗೆ ಒಬ್ಬೊಬ್ಬರೇ ಓಡಬೇಡಿ. ಕ್ಲಬ್ ಕಡೆಯಿಂದ ಒಬ್ಬ ಫೋಟೋಗ್ರಾಫರ್‌ನ ಅರ್ಧ ದಿನ ಕಾಲೇಜಿಗೇ ಕರೆಸೋಣ. ಅವರು ಹತ್ತು ಸಾವಿರ ಕೇಳಿದರೂ 40 ಜನ ಸೇರಿದ್ರೆ ತಲೆಗೆ 250. ಒಬ್ಬರಿಗೆ ಆರು ನಿಮಿಷ, ನಾಲ್ಕು ಗಂಟೆಯಲ್ಲಿ ಕೆಲಸ ಮುಗಿಯುತ್ತೆ. ಚೌಕಾಸಿ ಬೇಡ. ಬದಲಿಗೆ ಎಷ್ಟು ಫೋಟೋ, ಯಾವ ಸೈಜು, ಯಾವತ್ತು ಕೊಡ್ತಾರೆ ಅಂತ ಮೊದಲೇ ಬರೆಸಿಕೊಳ್ಳಿ. ಇನ್ನೊಂದು ವಿಷಯ ತಿಳಿದಿರಲಿ: 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನೀವು ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ನಿಮ್ಮದೇ. ಅದಕ್ಕೇ ಸಹಿ ಹಾಕೋ ಮುಂಚೆ ಓದಿ.

ಎರಡು, ಮೊದಲ ಸ್ಟೈಪೆಂಡೋ ಸಂಬಳವೋ ಬಂದ ತಿಂಗಳು ಅಪ್ಪ ಅಮ್ಮನ್ನ, ಅಜ್ಜಿ ಇದ್ದರೆ ಅಜ್ಜಿನ ಕರ್ಕೊಂಡು ನಿಮ್ಮ ಏರಿಯಾದ ಸ್ಟುಡಿಯೋಗೆ ಹೋಗಿ. ಓಡಾಡೋಕೆ ಆಗಲ್ಲ ಅಂದ್ರೆ ಫೋಟೋಗ್ರಾಫರ್‌ನ ಮನೆಗೇ ಕರೆಸಿ. ಕೇಳಿದಷ್ಟು ಕೊಡಿ. ಮತ್ತೆ ಪ್ರಿಂಟ್ ಹಾಕಿಸೋದು ಮರೀಬೇಡಿ, ಡ್ರೈವ್ ಲಿಂಕಿಗೆ ಯಾರೂ ಫ್ರೇಮ್ ಹಾಕಲ್ಲ.