ಕುದುರೆ ಕೆಟ್ಟದ್ದಲ್ಲ



ಹೋದ ತಿಂಗಳು ಇದೇ ಗೋಡೆ ಪತ್ರಿಕೆಯಲ್ಲಿ ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ಕೆಂಪು ಇಂಕಿನಲ್ಲಿ ದಪ್ಪಗೆ ಬರೆದಿದ್ದರು. ಅದನ್ನು ಓದಿ ನಾಲ್ಕೈದು ಜನ ನನ್ನ ಕಡೆ ತಿರುಗಿ ನಕ್ಕರು. ಯಾಕೆ ಅಂತ ನಮ್ಮ ಏಳನೇ ತರಗತಿಯವರಿಗೆಲ್ಲ ಗೊತ್ತು. ಬೇರೆಯವರಿಗೆ ನಾನೇ ಹೇಳುತ್ತೇನೆ. ನನಗೆ ಸಿಟ್ಟು ಜಾಸ್ತಿ. ಕುಂಟೆಬಿಲ್ಲೆ ಆಡುವಾಗ ಗೆರೆ ತುಳಿದೆ ಅಂದಳು ಅಂತ ಒಬ್ಬಳ ಕೊಡೆಯನ್ನು ಕಿತ್ತು ಕಲ್ಲಿಗೆ ಬಡಿದೆ. ಎರಡು ಕಡ್ಡಿ ಮುರಿದವು. ಅವತ್ತಿನಿಂದ ಎಲ್ಲರೂ ನನಗೆ ಹುಟ್ಟಾ ಕೋಪಿಷ್ಠೆ ಅನ್ನುತ್ತಾರೆ. ಹೆಣ್ಣು ಹುಡುಗಿಗೆ ಇಷ್ಟು ಸಿಟ್ಟು ಇರಬಾರದು ಅಂತ ಬೀದಿಯ ಹೆಂಗಸರೂ ಹೇಳಿದರು. ಗಂಡು ಹುಡುಗನಿಗೆ ಇರಬಹುದಾ? ಅದು ಬೇರೆ ವಿಷಯ, ಇನ್ನೊಮ್ಮೆ ಬರೆಯುತ್ತೇನೆ.

ಆ ಗಾದೆ ತಪ್ಪು ಎಂದು ನನ್ನ ಅಭಿಪ್ರಾಯ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅಂತ ಇನ್ನೊಂದು ಗಾದೆ ಇದೆಯಲ್ಲ, ಅದೂ ನನಗೆ ಗೊತ್ತು. ಆದರೆ ಈ ವಿಷಯದಲ್ಲಿ ನ್ಯಾಯ ವೇದದ ಕಡೆಗೇ ಇದೆ. ಹೇಗೆ ಅಂತ ಹೇಳುತ್ತೇನೆ.

ಕೃಷ್ಣ ಯಜುರ್ವೇದಕ್ಕೆ ಸೇರಿದ ಕಠೋಪನಿಷತ್ತಿನಲ್ಲಿ ನಚಿಕೇತ ಎಂಬ ಹುಡುಗನ ಕಥೆ ಬರುತ್ತದೆ. ಅವನ ತಂದೆ ಯಾಗ ಮಾಡಿ, ಹಾಲು ಬತ್ತಿದ, ಹುಲ್ಲು ತಿನ್ನಲೂ ಆಗದ ಮುದಿ ಹಸುಗಳನ್ನು ದಾನ ಕೊಡುತ್ತಿದ್ದ. ಹುಡುಗನಿಗೆ ಇದು ಸರಿ ಕಾಣಲಿಲ್ಲ. ನನ್ನನ್ನು ಯಾರಿಗೆ ಕೊಡ್ತೀಯಪ್ಪಾ ಎಂದು ಕೇಳಿದ. ಒಂದಲ್ಲ, ಮೂರು ಸಲ ಕೇಳಿದ. ತಂದೆ ರೇಗಿ, ನಿನ್ನನ್ನು ಯಮನಿಗೆ ಕೊಟ್ಟೆ ಅಂದುಬಿಟ್ಟ. ನೋಡಿ, ಅಷ್ಟು ದೊಡ್ಡ ಉಪನಿಷತ್ತು ಶುರುವಾಗೋದೇ ಒಂದು ಸಿಟ್ಟಿನ ಮಾತಿನಿಂದ! ಹುಡುಗ ಹೋಗಿ ಯಮನ ಮನೆಯಲ್ಲಿ ಮೂರು ರಾತ್ರಿ ಊಟವಿಲ್ಲದೆ ಕಾದ. ಅದಕ್ಕಾಗಿ ಯಮ ಮೂರು ವರ ಕೊಟ್ಟ. ಮೊದಲನೇ ವರದಲ್ಲಿ ಅವನು ಕೇಳಿದ್ದು ಏನು ಗೊತ್ತಾ? ನಮ್ಮಪ್ಪನ ಸಿಟ್ಟು ಇಳಿಯಲಿ ಅಂತ. ಎರಡನೆಯದು ಸ್ವರ್ಗಕ್ಕೆ ಹೋಗುವ ಅಗ್ನಿಯ ವಿಷಯ. ಮೂರನೆಯದು, ಸತ್ತ ಮೇಲೆ ಮನುಷ್ಯ ಇರುತ್ತಾನೋ ಇಲ್ಲವೋ ಎಂಬ ಪ್ರಶ್ನೆ. ಅದೊಂದು ಬೇಡ, ಆನೆ ಕುದುರೆ ಚಿನ್ನ ತಗೋ ಎಂದು ಯಮ ಆಸೆ ತೋರಿಸಿದರೂ ಹುಡುಗ ಬಗ್ಗಲಿಲ್ಲ. ಕೊನೆಗೆ ಯಮ ಅವನಿಗೆ ಪಾಠ ಹೇಳಿದ. ಆ ಪಾಠದಲ್ಲಿ ಒಂದು ರಥ ಬರುತ್ತದೆ. ಇದು ಅರ್ಜುನನ ರಥ ಅಲ್ಲ, ನಮ್ಮ ನಿಮ್ಮ ರಥ.

ದೇಹವೇ ರಥ. ಒಳಗೆ ಕುಳಿತ ಯಜಮಾನ ಆತ್ಮ. ಬುದ್ಧಿ ಸಾರಥಿ. ಮನಸ್ಸು ಲಗಾಮು. ಕಣ್ಣು, ಕಿವಿ, ನಾಲಿಗೆ ಮುಂತಾದ ಇಂದ್ರಿಯಗಳು ಕುದುರೆಗಳು. ಅವು ಆಸೆಪಡುವ ವಸ್ತುಗಳೇ ಅವು ಓಡಾಡುವ ಜಾಗ. ಅಲ್ಲಿರುವ ಪದ ‘ಗೋಚರ’ ಅಂತೆ. ಗೋಚರ ಅಂದರೆ ಹಸು ಓಡಾಡುವ ಜಾಗ ಎಂದು ಕನ್ನಡ ಮೇಷ್ಟ್ರು ಬಿಡಿಸಿ ಹೇಳಿದರು. ಹಾಗಾದರೆ ನಮ್ಮೂರ ಗೋಮಾಳದ ಥರ! ನನಗೆ ತಕ್ಷಣ ಅರ್ಥವಾಯಿತು.

ಪ್ರಾರ್ಥನೆ ಮುಗಿದ ಮೇಲೆ ಈ ಕಥೆ ಹೇಳಿದ ಮೇಷ್ಟ್ರು, ‘ಆದ್ದರಿಂದ ಇಂದ್ರಿಯಗಳನ್ನು ಕಟ್ಟಿಹಾಕಬೇಕು ಮಕ್ಕಳೇ’ ಎಂದರು. ನನಗೆ ಅನುಮಾನ ಬಂತು. ಕುದುರೆ ಕಟ್ಟಿಹಾಕಿದರೆ ರಥ ಹೋಗೋದು ಹೇಗೆ ಸಾರ್ ಅಂತ ಕೇಳಿದೆ. ಮೇಷ್ಟ್ರು ಬೈಯಲಿಲ್ಲ. ಪುಸ್ತಕ ತಂದು ಮುಂದಿನ ಶ್ಲೋಕಗಳನ್ನು ಓದಿ ಅರ್ಥ ಹೇಳಿದರು. ಸಾರಥಿಗೆ ತಿಳಿವಳಿಕೆ ಇಲ್ಲದೆ ಲಗಾಮು ಸಡಿಲವಾದರೆ ಇಂದ್ರಿಯಗಳು ದುಷ್ಟ ಕುದುರೆಗಳ ಹಾಗೆ ಆಗುತ್ತವೆ. ತಿಳಿವಳಿಕೆ ಇದ್ದು ಲಗಾಮು ಹಿಡಿತದಲ್ಲಿದ್ದರೆ ಒಳ್ಳೇ ಕುದುರೆಗಳ ಹಾಗೆ ಆಗುತ್ತವೆ. ಕುದುರೆ ಹುಟ್ಟಿನಿಂದ ಕೆಟ್ಟದ್ದು ಅಂತ ಅಲ್ಲಿ ಇಲ್ಲವೇ ಇಲ್ಲ.

ಬೇರೆ ದೇಶದವರೂ ಹೀಗೆ ಹೇಳಿದ್ದಾರಾ ಎಂದು ಸಮಾಜ ಮೇಷ್ಟ್ರನ್ನು ಕೇಳಿದೆ. ಗ್ರೀಸ್ ದೇಶದ ಅಥೆನ್ಸ್ ನಗರದಲ್ಲಿ ಪ್ಲೇಟೋ ಎಂಬ ತತ್ವಜ್ಞಾನಿ ಇದ್ದ. ಕ್ರಿ.ಪೂ. 387ರ ಸುಮಾರಿಗೆ ಅಕಾಡೆಮಿ ಎಂಬ ಶಾಲೆ ತೆರೆದವನು. ಅವನ ‘ಫೀಡ್ರಸ್’ ಎಂಬ ಪುಸ್ತಕದಲ್ಲೂ ಒಂದು ರಥ ಇದೆ. ಆದರೆ ಅಲ್ಲಿ ಎರಡೇ ಕುದುರೆ. ಬಿಳಿಯದು ಒಳ್ಳೆಯದು, ಮಾತು ಕೇಳುತ್ತದೆ. ಕಪ್ಪುಬಣ್ಣದ್ದು ಕೆಟ್ಟದ್ದು, ಚಾಟಿಗೂ ಸುಲಭಕ್ಕೆ ಬಗ್ಗದು. ಸಾರಥಿ ಜೋರಾಗಿ ಜಗ್ಗಿ ಜಗ್ಗಿ, ಅದರ ಬಾಯಲ್ಲಿ ರಕ್ತ ಬರುತ್ತದೆ. ಹೀಗೆ ಎಷ್ಟೋ ಸಲ ಆದ ಮೇಲೆ ಅದು ಹೆದರಿ ತಗ್ಗುತ್ತದೆ.

ಪ್ಲೇಟೋ ದೊಡ್ಡವನು. ನಾನು ಸಣ್ಣವಳು. ಆದರೂ ನನಗೆ ನಚಿಕೇತನಿಗೆ ಹೇಳಿದ ರಥವೇ ಇಷ್ಟ. ಒಂದು ಕುದುರೆ ಹುಟ್ಟಿನಿಂದಲೇ ಕೆಟ್ಟದ್ದು ಅಂದಮೇಲೆ, ಪಾಪ, ಅದು ಏನು ಮಾಡಬೇಕು?

ನಮ್ಮನೆ ಹೋರಿಯ ವಿಷಯ ಹೇಳದೆ ಇದು ಪೂರ್ತಿ ಆಗಲ್ಲ. ಸಂಕ್ರಾಂತಿ ಕಳೆದ ಮೇಲೆ ತಾತ ಜಾತ್ರೆಯಿಂದ ಒಂದು ಹೋರಿ ತಂದರು. ಹತ್ತಿರ ಹೋದರೆ ಹಾಯುತ್ತಿತ್ತು. ಇದು ಹುಟ್ಟಾ ಪುಂಡ, ಮಾರಿಬಿಡು ಅಂತ ಎಲ್ಲರೂ ಹೇಳಿದರು. ತಾತ ಅದನ್ನು ನಮ್ಮ ಹಳೇ ಎತ್ತಿನ ಜೊತೆ ನೊಗಕ್ಕೆ ಕಟ್ಟಿದರು. ಮೊದಲು ಉತ್ತ ಹೊಲದಲ್ಲಿ ಬರೀ ಮರದ ಕೊರಡು ಎಳೆಸಿದರು. ಆಮೇಲೆ ಖಾಲಿ ಗಾಡಿ. ಆಮೇಲೆ ಅರ್ಧ ಗಾಡಿ ಗೊಬ್ಬರ. ಹಗ್ಗ ಹಿಡಿದು ಮುಂದೆ ನಡೆಯೋದು ನನ್ನ ಕೆಲಸ. ಒಂದು ದಿನ ಚೆನ್ನಾಗಿ ನಡೆಯುತ್ತಿತ್ತು, ಮಾರನೇ ದಿನ ನಡುದಾರಿಯಲ್ಲಿ ನೊಗದ ಸಮೇತ ಮಲಗಿಬಿಡುತ್ತಿತ್ತು. ನಾಲ್ಕು ಬಿಗಿಯಿರಿ ತಾತ ಅಂದೆ. ತಾತ, ‘ಹೊಡುದ್ರೆ ಅದು ಬಾರುಕೋಲಿಗೆ ಹೆದರ್ತದೆ ಅಷ್ಟೇ ಕಣವ್ವ. ಬಾರುಕೋಲು ಮರ್ತು ಬಂದ ದಿನ ಏನ್ ಮಾಡ್ತೀಯ?’ ಅಂದರು. ಪ್ಲೇಟೋನ ಸಾರಥಿಗೆ ಈ ಮಾತು ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ.

ಎರಡು ತಿಂಗಳು ಬೇಕಾಯಿತು. ಈಗಲೂ ಲಾರಿ ಹಾರನ್ ಕೇಳಿದರೆ ಹೋರಿ ಪಕ್ಕಕ್ಕೆ ಎಳೆಯುತ್ತದೆ. ತಾತ ಹಗ್ಗ ಬಿಗಿ ಮಾಡೋದು ಹಾರನ್ ಕೇಳಿದ ಮೇಲಲ್ಲ. ಲಾರಿ ದೂರದ ತಿರುವಿನಲ್ಲಿ ಕಂಡಾಗಲೇ.

ಇದನ್ನು ನೋಡಿ ನಾನು ಯೋಚನೆ ಮಾಡಿದೆ. ನನಗೆ ಸಿಟ್ಟು ಬರೋ ಮುಂಚೆ ಕಿವಿ ಬಿಸಿಯಾಗುತ್ತದೆ. ಅದೇ ತಿರುವಿನಲ್ಲಿ ಲಾರಿ ಕಂಡ ಹಾಗೆ. ಆಗಲೇ ಎದ್ದು ನಲ್ಲಿ ಹತ್ತಿರ ಹೋಗಿ ನೀರು ಕುಡಿದು ಬರುತ್ತೇನೆ. ಮೂರು ವಾರದಿಂದ ಹೀಗೆ ಮಾಡುತ್ತಿದ್ದೇನೆ. ಎರಡು ಸಲ ಆಗಲಿಲ್ಲ. ಒಂದು ಸಲ ತಮ್ಮನಿಗೆ ಹೊಡೆದೆ, ಇನ್ನೊಂದು ಸಲ ತಟ್ಟೆ ಎಸೆದೆ. ಅದನ್ನು ಮುಚ್ಚಿಟ್ಟರೆ ಈ ಲೇಖನ ಸುಳ್ಳಾಗುತ್ತದೆ. ಉಳಿದ ದಿನ ನೀರು ಕುಡಿದೆ. ನಾನು ಪದೇ ಪದೇ ನಲ್ಲಿ ಹತ್ತಿರ ಹೋಗೋದು ಯಾಕೆ ಅಂತ ಕೇಳುತ್ತಿದ್ದಿರಲ್ಲ, ಇದಕ್ಕೇ.

ಎಲ್ಲರಲ್ಲೂ ಒಂದು ವಿನಂತಿ. ಬೇಕಂತಲೇ ಹೋರಿಯ ಕಿವಿ ಹತ್ತಿರ ಹಾರನ್ ಹೊಡೆದು, ನೋಡ್ರೋ ಹೇಗೆ ಹಾರುತ್ತೆ ಅನ್ನುವವರು ನಮ್ಮ ತರಗತಿಯಲ್ಲಿ ಇದ್ದಾರೆ. ಅದನ್ನು ಬಿಡಬೇಕು. ಗುರುಗಳೂ ತಪ್ಪು ತಿಳಿಯಬಾರದು. ಲೆಕ್ಕ ಬರದವರನ್ನು ದಿನಾ ದಡ್ಡ ದಡ್ಡ ಅಂದರೆ ಅದೂ ಕಪ್ಪು ಕುದುರೆ ಅಂದ ಹಾಗೇ. ಹಿಂದಿನ ಸಾಲಿನಲ್ಲಿ ಕೂರುವ ಒಬ್ಬನಿಗೆ ಮಗ್ಗಿ ಬರಲ್ಲ, ನಿಜ. ಆದರೆ ಸಂತೆಯಲ್ಲಿ ಟೊಮೆಟೊ ಮಾರುವಾಗ ಚಿಲ್ಲರೆ ತಪ್ಪದೆ ಕೊಡುತ್ತಾನೆ. ನಾನು ನೋಡಿದ್ದೇನೆ. ಅವನಿಗೂ ಮೊದಲು ಕೊರಡು, ಆಮೇಲೆ ಖಾಲಿ ಗಾಡಿ ಕೊಟ್ಟು ನೋಡಬಹುದಲ್ಲವೇ?

ಇನ್ನೊಂದು ಮಾತು. ಅವತ್ತು ಕುಂಟೆಬಿಲ್ಲೆಯಲ್ಲಿ ನಾನು ಗೆರೆ ತುಳಿದದ್ದು ನಿಜ. ಅವಳು ಹೇಳಿದ್ದೇ ಸರಿ. ಕೊಡೆ ರಿಪೇರಿಯವನು ಸಂತೆಗೆ ಬಂದಾಗ ಎರಡು ಕಡ್ಡಿ ಹಾಕಿಸಿದ್ದೇನೆ. ಕೈಗೆ ಕೊಡೋಕೆ ನಾಚಿಕೆಯಾಗಿ ಪುಸ್ತಕದ ಬೀರುವಿನ ಪಕ್ಕ ಇಟ್ಟಿದ್ದೇನೆ. ಒಂದು ಕಡ್ಡಿ ಸ್ವಲ್ಪ ಗಿಡ್ಡ ಬಂದಿದೆ, ನಿಧಾನಕ್ಕೆ ಬಿಚ್ಚಬೇಕು.

– ಏಳನೇ ತರಗತಿಯ ವಿದ್ಯಾರ್ಥಿನಿ